ಬಲಗಡೆಯ ಕಣ್ಣು

ಲಾರಿಯ ಎಡಗಡೆಯ ಡ್ರೈವರ್ ಸೀಟಿನಲ್ಲಿ ಒಂದು ಗುಳಿ ಬಿದ್ದಿತ್ತು. ಜಪಾರ್ ಕೂತೂ ಕೂತೂ ಬಿದ್ದ ಗುಳಿ. ಆತ ದಪ್ಪ ಆಳು, ಅವನ ಹೆಂಡತಿ ಉಲ್ಕಾನಳದು ಸಣ್ಣ ಮೈ. ಆ ಗುಳಿಯೊಳಗೆ ಅವಳು ಕೂತರೆ ಸ್ಟೇರಿಂಗು ಗದ್ದಕ್ಕೆ ಬರುತ್ತಿತ್ತು. ಹಳೆಯ ಕಂಬಳಿಯೊಂದನ್ನು ಮಡಿಸಿ ಗುಳಿಗೆ ತುಂಬಿದಳು. ಮೇಲೆ ಹತ್ತಿ ಕೂತು, ಕಾಲು ಬ್ರೇಕಿಗೆ ಎಟುಕುತ್ತದೆಯೇ ಎಂದು ಒತ್ತಿ ನೋಡಿದಳು. ಎಟುಕಿತು.

ಬಲಗಡೆಯ ಸೀಟು ಅವಳದು. ಮದುವೆಯಾಗಿ ಬಂದಾಗಿನಿಂದ ಬೇಸಿಗೆ ಬಂತೆಂದರೆ, ಗುಡಾರದ ಕೋಲು ಕಂಬಳಿಗಳನ್ನೆಲ್ಲ ಹಿಂದೆ ಹೇರಿಕೊಂಡು, ಅವಳು ಅಲ್ಲಿ ಕೂತೇ ಕೋಕ್-ಬುಲಾಕ್ ಹುಲ್ಲುಗಾವಲಿಗೆ ಹತ್ತಿದವಳು. ದಾರಿ ಹತ್ತುವಾಗ ಕಂದರ ಬಲಕ್ಕೆ. ಎಡಕ್ಕೆ ಕೂತು ಲಾರಿ ಬಿಡುವ ಗಂಡನಿಗೆ ಆ ಅಂಚು ಕಾಣುತ್ತಿರಲಿಲ್ಲ. ಇವಳು ಕಿಟಕಿಯಿಂದ ತಲೆ ಹೊರಗೆ ಹಾಕಿ ಹೇಳಬೇಕು, ಅವನು ತಿರುಗಿಸಬೇಕು. "ಎಷ್ಟು?" ಎನ್ನುವನು. "ಮೊಳ ಇದೆ" ಎನ್ನುವಳು. ಇನ್ನೂ ಸ್ವಲ್ಪ ಹೋದ ಮೇಲೆ "ಗೇಣು." ಆಮೇಲೆ "ನಾಲ್ಕು ಬೆರಳು, ಸಾಕು ಸಾಕು." ಅವರಿಬ್ಬರ ನಡುವೆ ಮಾತು ಕಡಿಮೆ. ಆ ದಾರಿಯಲ್ಲಿ ಆಡಿದಷ್ಟು ಮಾತನ್ನು ಉಳಿದ ವರ್ಷವೆಲ್ಲ ಸೇರಿಸಿದರೂ ಆಡಿರಲಿಕ್ಕಿಲ್ಲ. ಹೆಣ್ಣುಮಕ್ಕಳಿಬ್ಬರು ಮದುವೆಯಾಗಿ ಬೇರೆ ಕಣಿವೆಗಳಿಗೆ ಹೋದ ಮೇಲಂತೂ ಮನೆಯಲ್ಲಿ ಚಾ ಕಾಯಿಸುವ ಸಮೋವಾರಿನ ಸದ್ದೇ ಹೆಚ್ಚು.

ಚಳಿಗಾಲದಲ್ಲಿ ಜಪಾರನ ಎದೆಗೆ ಕಫ ಕಟ್ಟಿತು. ಹಿಮ ಕರಗುವುದನ್ನು ಅವನು ನೋಡಲಿಲ್ಲ.

ಇವತ್ತು ಬಲಗಡೆಯ ಸೀಟಿನಲ್ಲಿ ಒಂದು ಚೀಲ ಕುರುತ್ ಕೂತಿತ್ತು. ಮೊಸರು ಹಿಂಡಿ, ಉಪ್ಪು ಹಾಕಿ, ಉಂಡೆ ಕಟ್ಟಿ, ಬಿಸಿಲಿನಲ್ಲಿ ಕಲ್ಲಿನಂತೆ ಒಣಗಿಸಿದ ಬಿಳಿ ಕುರುತ್. ಹೋದ ಬೇಸಿಗೆಯಲ್ಲಿ ಮಾಡಿದ್ದು. ಅದರಲ್ಲಿ ಅರ್ಧ ತಿನ್ನಬೇಕಾದವನು ತಿನ್ನದೆ ಹೋಗಿದ್ದ.

ಲಾರಿಯ ಬಾಗಿಲು ಹಿಡಿದುಕೊಂಡು ಮೈದುನ ತೊಲೊಮುಶ್ ನಿಂತಿದ್ದ. ಐವತ್ತು ದಾಟಿದ ಗಂಡಸು, ಮಗನಿಗೆ ಹೆಣ್ಣು ಗೊತ್ತುಮಾಡಿ ಆಗಿದೆ. ಆದರೂ ಗಂಡನ ಕಡೆಯವರ ಹೆಸರು ಹೇಳುವ ಪದ್ಧತಿ ಹೆಂಗಸರಿಗೆ ಇಲ್ಲವಲ್ಲ, ಉಲ್ಕಾನ್ ಅವನನ್ನು ಮದುವೆಯ ದಿನ ಕರೆದ ಹಾಗೆಯೇ ಈಗಲೂ ಚಿಕ್ಕೋನೇ ಎಂದು ಕರೆಯುತ್ತಿದ್ದಳು.

"ಇಳೀರಿ ಅತ್ತಿಗೆ. ಹಟ ಸಾಕು. ಲಾರೀನ ಆಮೇಲೆ ಇನ್ನೊಂದು ಸಲ ಬಂದು ನಾನೇ ಹೊಡ್ಕೊಂಡು ಹೋಗ್ತೀನಿ."

"ನೀನು ಹೊಡ್ಕೊಂಡು ಹೋದ್ರೆ ನಿನ್ನ ಗುಡಾರದ ಮುಂದೇನೇ ಇಳಿಸ್ತೀಯ."

"ಇಳಿಸಿದ್ರೇನಾಯ್ತು? ನಮ್ಮಲ್ಲಿ ಜಾಗ ಇಲ್ವಾ? ನಮ್ಮ ಸೊನುನ್ ಒಂದು ಮೂಲೇಲಿ ಹಾಸಿಗೆ ಹಾಸಿಕೊಡ್ತಾಳೆ. ಬಿಸಿ ಬಿಸಿ ಚಾ ಕುಡ್ಕೊಂಡು ರಾಣಿ ಹಂಗೆ ಇರಿ."

"ರಾಣಿ ಮೂಲೇಲಿ ಮಲಗ್ತಾಳೇನೋ?"

ಪಕ್ಕದಲ್ಲಿ ಕುದುರೆಯ ಜೀನು ಬಿಗಿಯುತ್ತಿದ್ದ ಓಸ್ಕೊನ್ ಮುದುಕ ಕಿಸಕ್ಕನೆ ನಕ್ಕ. ಬೇಸಿಗೆಯಲ್ಲಿ ಕೋಕ್-ಬುಲಾಕಿನಲ್ಲಿ ಇವರ ನೆರೆಯವನು. ಊರಿನ ಹಿರಿಯ. ಉಲ್ಕಾನಳಿಗೆ ತಲೆ ನರೆತಿದ್ದರೂ ಅವನಿಗೆ ಅವಳು ಇನ್ನೂ ಊರಿನ ಸೊಸೆ.

"ಜಗಳ ಆಮೇಲೆ ಆಡ್ಕೊಳ್ರಪ್ಪ. ಈ ಸಲ ಮೇಲೆ ಎಷ್ಟು ಮನೆ ಹೊಗೆ, ಅದನ್ನ ಹೇಳಿ. ಎರಡೋ, ಮೂರೋ?"

"ಎರಡು ಮಾವ. ನಿಮ್ಮದೊಂದು, ನಮ್ಮದೊಂದು" ಎಂದ ತೊಲೊಮುಶ್.

"ಮೂರು" ಎಂದಳು ಉಲ್ಕಾನ್.

"ಅತ್ತಿಗೆ, ಗುಡಾರದ ನೆತ್ತಿ ಮೇಲಿನ ಮರದ ಬಳೆ ಎತ್ತೋಕೆ ಗಂಡಸಿಲ್ಲದ ಮನೇನ ಯಾರೂ ಹೊಗೆ ಅಂತ ಎಣಿಸಲ್ಲ. ಇದೇನು ನಾನು ಮಾಡಿದ ಪದ್ಧತೀನಾ? ಚಳಿಗೆ ಮುಂಚೆ ಹುಡುಗನ ಮದುವೆ. ಅಣ್ಣನ ಗುಡಾರ ಕೊನೆಗೆ ಅವನಿಗೇ ತಾನೇ ಬರೋದು? ಇವತ್ತು ಬಂದ್ರೇನು, ಇನ್ನೊಂದು ದಿನ ಬಂದ್ರೇನು?"

ಅವನು ಕೆಟ್ಟವನಲ್ಲ. ಅಣ್ಣ ಸತ್ತ ದಿನದಿಂದ ಅವಳ ಮನೆಗೆ ಕಟ್ಟಿಗೆ ಒಡೆದು ಹಾಕಿದವನೇ ಅವನು. ಆ ಕಟ್ಟಿಗೆಯ ರಾಶಿ ನೋಡಿದಾಗಲೆಲ್ಲ ಅವಳಿಗೆ ತಾನು ಯಾರದೋ ಮನೆಯ ಮುದುಕಿಯಾಗುತ್ತಿದ್ದೇನೆ ಅನ್ನಿಸುತ್ತಿತ್ತು. ಮೂಲೆಯಲ್ಲಿ ಹಾಸಿಗೆ, ಅವರು ಕೊಟ್ಟಾಗ ಚಾ, ಅವರು ದೀಪ ಆರಿಸಿದಾಗ ನಿದ್ದೆ.

"ಕೇಳು ಚಿಕ್ಕೋನೇ. ನಾಳೆ ನೀವು ಕುರಿ ಹೊಡ್ಕೊಂಡು ಮೇಲಕ್ಕೆ ಬರ್ತೀರಲ್ಲ, ಬಂದಾಗ ಅಲ್ಲಿ ನನ್ನ ಒಲೆ ಹೊಗೆ ಆಡ್ತಿದ್ರೆ, ಮೊದಲು ಬಂದ ಮನೆ ನಂದು. ಹಿಂದೆ ಬಂದೋರಿಗೆ ಊಟ ಹಾಕೋಳು ನಾನು. ಹೊಗೆ ಇಲ್ದಿದ್ರೆ ಗುಡಾರ ನಿನ್ನ ಮಗಂದು. ನಿಮ್ಮನೆ ಮೂಲೆ ನಂದು. ಮತ್ತೆ ಬಾಯಿ ಬಿಡಲ್ಲ."

ತೊಲೊಮುಶ್ ಓಸ್ಕೊನನ ಮುಖ ನೋಡಿದ. ಓಸ್ಕೊನ್ ಆಕಾಶ ನೋಡಿದ. ಒಪ್ಪಿಗೆಯಾಯಿತು.

ತೊಲೊಮುಶನ ಹೆಂಡತಿ ಸೊನುನ್ ತಲೆಗೆ ಕಟ್ಟಿದ ಚೌಕದ ತುದಿಯಲ್ಲಿ ಬಾಯಿ ಒರೆಸಿಕೊಳ್ಳುತ್ತ ಬಂದು, "ನಾನು ಜೊತೆಗೆ ಬರ್ಲಾ ಅಕ್ಕ?" ಎಂದಳು. ಕೇಳುವಾಗಲೇ ಅವಳ ಬಣ್ಣ ಇಳಿದಿತ್ತು. ಒಂಟೆಕತ್ತು ತಿರುವೆಂದರೆ ಅವಳಿಗೆ ಜ್ವರ. ಪ್ರತಿ ವರ್ಷ ಗಂಡನ ಜೀಪಿನಿಂದ ಇಳಿದು, ಗುಡ್ಡಕ್ಕೆ ಬೆನ್ನು ಒತ್ತಿಕೊಂಡು ನಡೆದೇ ದಾಟುವವಳು.

"ನೀನು ಬಂದ್ರೆ ನಿನ್ನ ಅಳು ಕೇಳೋದೋ, ಇಂಜಿನ್ ಸದ್ದು ಕೇಳೋದೋ? ಬೇಡ ಬಿಡು" ಎಂದಳು ಉಲ್ಕಾನ್.

ಕೊನೆಗೆ ತೊಲೊಮುಶ್ ಬಾಗಿಲು ಬಿಟ್ಟ. ಬಿಡುವಾಗ ದನಿ ತಗ್ಗಿಸಿ, "ಒಂಟೆಕತ್ತಲ್ಲಿ ಅಂಚು ಯಾರು ನೋಡ್ತಾರೆ ಅತ್ತಿಗೆ?" ಎಂದು ಕೇಳಿದ.

"ನಾನೇ."

"ನೀವು ಎಡಗಡೆ ಕೂತಿರ್ತೀರಲ್ಲ."

ಉಲ್ಕಾನ್ ಬಾಗಿಲು ಎಳೆದುಕೊಂಡಳು. ಕೀಲಿ ತಿರುಗಿಸಿದಳು.

ಲಾರಿ ಬಿಡುವುದು ಅವಳಿಗೆ ಹೊಸದಲ್ಲ. ಹುಡುಗಿಯಾಗಿದ್ದಾಗ ಸಾಮೂಹಿಕ ಬೇಸಾಯದ ಟ್ರ್ಯಾಕ್ಟರು ಓಡಿಸಿದ್ದಳು. ಹುಲ್ಲು ಕೊಯ್ಯುವ ಕಾಲದಲ್ಲಿ ಇದೇ ಲಾರಿಯನ್ನು ಗದ್ದೆಯ ಈ ತುದಿಯಿಂದ ಆ ತುದಿಗೆ ಎಷ್ಟೋ ಸಲ ತಂದಿದ್ದಳು. ಆದರೆ ಅದೆಲ್ಲ ಸಮನೆಲ. ತಪ್ಪಿದರೆ ಹುಲ್ಲಿನ ಮೆದೆಗೆ ಗುದ್ದಬೇಕು, ಅಷ್ಟೆ.

ಮರದ ಸೇತುವೆ ದಾಟುವವರೆಗೆ ದಾರಿ ಸಾಧುವಾಗಿತ್ತು. ಆಮೇಲೆ ಏರು ಶುರುವಾಯಿತು. ಹಿಮ ಕರಗಿದ ನೀರು ದಾರಿಯನ್ನು ಅಡ್ಡಡ್ಡ ಕೊರೆದು, ಕಲ್ಲುಗಳನ್ನೆಲ್ಲ ಹಲ್ಲಿನಂತೆ ಮೇಲಕ್ಕೆ ಎಬ್ಬಿಸಿತ್ತು. ಒಂದೊಂದು ಹಳ್ಳಕ್ಕೆ ಚಕ್ರ ಇಳಿದಾಗಲೂ ಹಿಂದೆ ಕಟ್ಟಿದ ಪಾತ್ರೆಗಳು ಒಟ್ಟಿಗೆ ಕಿರುಚುತ್ತಿದ್ದವು. ಲಾರಿ ಬಲಕ್ಕೆ ವಾಲಿದಾಗ ಅವಳ ಮೈ ಎಡಕ್ಕೆ ವಾಲುತ್ತಿತ್ತು, ತನ್ನ ಸಣ್ಣ ಭಾರದಿಂದ ಲಾರಿಯನ್ನು ಹಿಡಿದು ನಿಲ್ಲಿಸುವವಳ ಹಾಗೆ. ಅಂಗೈ ಬೆವರಿ ಸ್ಟೇರಿಂಗು ಜಾರುತ್ತಿತ್ತು. ಒಂದು ಕೈ ಲಂಗಕ್ಕೆ ಒರೆಸುವಳು, ಆಮೇಲೆ ಇನ್ನೊಂದು.

ವಿಚಿತ್ರವೆಂದರೆ, ಇಷ್ಟು ವರ್ಷ ಓಡಾಡಿದ ದಾರಿ ಅವಳಿಗೆ ಗುರುತೇ ಸಿಗಲಿಲ್ಲ. ಅವಳು ಬಲ್ಲದ್ದು ಬಲಗಡೆಯನ್ನು ಮಾತ್ರ. ಕೆಳಗೆ ಹೊಳೆ ಎಲ್ಲಿ ಬೆಳ್ಳಗಾಗುತ್ತದೆ, ಜುನಿಪರ್ ಗಿಡ ಎಲ್ಲಿ ಅಂಚಿಗೆ ಜೋತುಬಿದ್ದಿದೆ, ಎಲ್ಲಿ ಮಣ್ಣು ಕೆಂಪಾಗಿ ಸಡಿಲಾಗಿದೆ, ಅದೆಲ್ಲ ಬಾಯಿಪಾಠ. ಎಡಗಡೆಯ ಬಂಡೆಯನ್ನು ಅವಳು ಸರಿಯಾಗಿ ನೋಡಿದ್ದು ಇವತ್ತೇ ಮೊದಲು. ಅದರ ಮೈಮೇಲೆ ಹಳದಿ ಪಾಚಿ ಹಿಡಿದಿತ್ತು. ಅಲ್ಲಲ್ಲಿ ಲಾರಿಯ ಹಸಿರು ಬಣ್ಣ ಉಜ್ಜಿದ ಗುರುತಿತ್ತು. ಅಂದರೆ ಜಪಾರ್ ಎಷ್ಟೋ ಸಲ ಬಂಡೆಗೆ ಒರೆಸಿಕೊಂಡೇ ಹೋಗಿದ್ದಾನೆ. ಅವಳಿಗೆ ಹೇಳಿರಲಿಲ್ಲ. ತನ್ನ ಕಡೆಯ ಭಯವನ್ನು ಅವನು ಒಂದು ದಿನವೂ ಬಾಯಿಬಿಟ್ಟು ಹೇಳಿದವನಲ್ಲ.

ಮಧ್ಯಾಹ್ನದ ಹೊತ್ತಿಗೆ ಒಂಟೆಕತ್ತು ಬಂತು.

ಅಲ್ಲಿ ದಾರಿ ನೇರ ಕಂದರದ ಕಡೆಗೆ ಹೋಗುತ್ತದೆ, ಹೋಗಿ ಎಡಕ್ಕೆ ಕತ್ತು ಹೊರಳಿಸಿ ಹಿಂದಕ್ಕೇ ಮೇಲೇರುತ್ತದೆ. ಉದ್ದ ಗಾಡಿ ಒಂದೇ ಏಟಿಗೆ ತಿರುಗದು. ಮೂತಿಯನ್ನು ಅಂಚಿನವರೆಗೆ ಒಯ್ಯಬೇಕು, ನಿಲ್ಲಿಸಬೇಕು, ಬಂಡೆಯ ಕಡೆಗೆ ಹಿಂದೆ ಬರಬೇಕು, ಮತ್ತೆ ತಿರುಗಿಸಬೇಕು. ತಿರುವು ದಾಟಿದರೆ ಕಂದರ ಎಡಕ್ಕೆ ಬರುತ್ತದೆ, ಲಾರಿ ಬಿಡುವವರ ಕಣ್ಣಿಗೇ ಕಾಣುತ್ತದೆ. ಅಲ್ಲಿಯವರೆಗೆ ಬಲಗಡೆಯ ಕಣ್ಣು ಬೇಕು.

ಉಲ್ಕಾನ್ ಲಾರಿ ನಿಲ್ಲಿಸಿ ಗೇರಿನಲ್ಲೇ ಬಿಟ್ಟು, ಇಳಿದು ಚಕ್ರಕ್ಕೆ ಮರದ ತುಂಡು ಕೊಟ್ಟಳು. ಕೈಬ್ರೇಕನ್ನು ಜಪಾರನೂ ನಂಬಿದವನಲ್ಲ. ನಡೆದು ಹೋಗಿ ಅಂಚು ನೋಡಿದಳು. ಬೂದು ಮಣ್ಣು, ಬೂದು ಕಲ್ಲು. ಕೆಳಗೆ ಹೊಳೆಯ ಸದ್ದು. ಎಡಗಡೆಯ ಸೀಟಿನಿಂದ ನೋಡಿದರೆ ದಾರಿ ಎಲ್ಲಿ ಮುಗಿಯಿತು, ಗಾಳಿ ಎಲ್ಲಿ ಶುರುವಾಯಿತು, ಒಂದೂ ತಿಳಿಯದು. ಏನಾದರೂ ಬೆಳ್ಳಗಿನದು ಇಡಬೇಕು. ತಲೆಯ ಚೌಕ ಬಿಚ್ಚೋಣವೆಂದರೆ, ಗಂಡ ಸತ್ತು ವರ್ಷ ತುಂಬದವಳು, ಅದು ಕಪ್ಪು. ಕಂಬಳಿಗಳು ಬೂದು. ಹಿಟ್ಟು ಗಾಳಿಗೆ ನಿಲ್ಲದು.

ಬಲಗಡೆಯ ಸೀಟಿನಲ್ಲಿ ಚೀಲ ಕೂತಿತ್ತು.

ತಿನ್ನುವ ವಸ್ತುವನ್ನು ನೆಲದ ಮೇಲೆ, ಅದೂ ಕಾಲು ಚಕ್ರ ಓಡಾಡುವ ಕಡೆ ಇಡುವುದೆಂದರೆ ಅವಳ ಅತ್ತೆ ಇದ್ದಿದ್ದರೆ ಕೈ ಮುರಿಯುತ್ತಿದ್ದಳು. ರೊಟ್ಟಿಯ ಚೂರು ಬಿದ್ದರೂ ಎತ್ತಿ ಹಣೆಗೆ ಮುಟ್ಟಿಸಿಕೊಂಡು ಎತ್ತರದಲ್ಲಿ ಇಡುವವರು ಅವರು. "ನಾಳೆನೇ ಬಂದು ಎತ್ಕೋತೀನಿ ಕಣಪ್ಪ, ಕೋಪ ಮಾಡ್ಕೋಬೇಡ" ಎಂದು ಯಾರಿಗೋ ಹೇಳಿ, ಚೀಲ ಹೊತ್ತು ತಂದಳು. ಮಂಡಿಯೂರಿ, ಅಂಚಿನಿಂದ ಒಂದು ಗೇಣು ಒಳಗೆ, ಒಂದೊಂದೇ ಉಂಡೆ ಇಡುತ್ತ ತಿರುವಿನವರೆಗೂ ಹೋದಳು. ಎದ್ದು ನೋಡಿದಾಗ ಅಂಚಿಗೆ ಬಿಳಿ ಮಣಿಸರ ಹಾಕಿದ ಹಾಗಿತ್ತು.

ಚಕ್ರದ ಮರದ ತುಂಡು ತೆಗೆದು ಮತ್ತೆ ಲಾರಿ ಹತ್ತಿದವಳು ಸೀದಾ ಎಡಕ್ಕೆ ಹೋಗಲಿಲ್ಲ. ಮೊದಲು ಬಲಗಡೆ ಕೂತಳು, ತನ್ನ ಜಾಗದಲ್ಲಿ. ಕಿಟಕಿಯಿಂದ ತಲೆ ಹಾಕಿದಳು. ಅಭ್ಯಾಸಬಲ ನೋಡಿ, "ಮೊಳ ಇದೆ" ಎಂದು ದೊಡ್ಡದಾಗಿ ಹೇಳಿದಳು. ಹೇಳಿದ ಮೇಲೆ ಲಾರಿ ಕದಲಬೇಕಿತ್ತು. ಕದಲಲಿಲ್ಲ. ಹೌದಲ್ಲ ಎಂದುಕೊಂಡು ಎಡಕ್ಕೆ ಜರುಗಿದಳು.

"ಎಷ್ಟು?" ಎಂದು ತಾನೇ ಕೇಳಿಕೊಂಡಳು.

"ಮೊಳ."

ಅಷ್ಟು ಹೋದಳು. ಬಿಳಿ ಉಂಡೆಗಳು ಒಂದೊಂದಾಗಿ ಲಾರಿಯ ಮೂತಿಯ ಕೆಳಗೆ ಮಾಯವಾದವು.

"ಎಷ್ಟು?"

"ಗೇಣು."

ಇನ್ನಷ್ಟು ಹೋದಳು. ಈಗ ಮುಂದೆ ಗಾಜಿನ ತುಂಬ ಬರೀ ಆಕಾಶ, ದೂರದ ಹಿಮದ ಬೆಟ್ಟ. ಕಾಣುವುದು ತುದಿಯ ಒಂದೆರಡು ಉಂಡೆ ಮಾತ್ರ. ಬ್ರೇಕಿನ ಮೇಲಿದ್ದ ಕಾಲು ತಾನಾಗಿಯೇ ಕುಣಿಯತೊಡಗಿತು, ಹೊಲಿಗೆ ಯಂತ್ರ ತುಳಿದ ಹಾಗೆ. ಅದನ್ನು ಕೈಯಿಂದ ಅದುಮಿ ಹಿಡಿದಳು.

"ಎಷ್ಟು?"

ಈ ಸಲ ಉತ್ತರ ಬರಲಿಲ್ಲ. ಅವಳಿಗೇ ಗೊತ್ತಿರಲಿಲ್ಲ. ಬಲಗಡೆಯ ಸೀಟಿನ ಕಡೆ ತಿರುಗಿ ನೋಡಿದಳು. ಅಲ್ಲಿ ಬರಿದಾದ ಚೀಲ ಮುದುಡಿ ಬಿದ್ದಿತ್ತು. ಗಂಡನನ್ನು ಮಣ್ಣು ಮಾಡಿದ ದಿನವೂ ಅವಳು ಇಷ್ಟು ಒಂಟಿಯಾಗಿರಲಿಲ್ಲ. ಅವತ್ತು ಮನೆಯ ತುಂಬ ಜನ. ಇವತ್ತು ಕೇಳಲಿಕ್ಕೂ ಇಲ್ಲ, ಹೇಳಲಿಕ್ಕೂ ಇಲ್ಲ.

"ನಾಲ್ಕು ಬೆರಳು" ಎಂದಳು ಕೊನೆಗೆ. "ಸಾಕು, ಸಾಕು."

ಗೇರು ಹಿಂದಕ್ಕೆ ಹಾಕಿದಳು. ಲಾರಿ ಒಂದು ಕ್ಷಣ ಮುಂದಕ್ಕೇ ಜಾರಿತು. ಬಲಗಡೆ ಮಣ್ಣು ಕುಸಿದ ಸದ್ದು. ಆಮೇಲೆ ಚಕ್ರ ಕಚ್ಚಿ ಹಿಂದೆ ಬಂತು, ಬೆನ್ನು ಬಂಡೆಗೆ ಗುದ್ದಿತು, ಪಾತ್ರೆಗಳಲ್ಲಿ ಏನೋ ಒಂದು ಕಳಚಿ ಕಟಕಟನೆ ಉರುಳಿಕೊಂಡು ಹೋಯಿತು. ಏನೆಂದು ನೋಡಲಿಲ್ಲ. ಸ್ಟೇರಿಂಗನ್ನು ಎದೆಯಿಂದ ಒತ್ತಿ ಎಡಕ್ಕೆ ತಿರುಗಿಸಿದಳು. ತಿರುಗಿತು. ಕಂದರ ಎಡಕ್ಕೆ ಬಂತು. ಎಡಗಿಟಕಿಯಿಂದ ಅದನ್ನು ನೋಡುತ್ತ, ಬಾಯಿ ಮುಚ್ಚಿಕೊಂಡು, ಮೇಲಿನವರೆಗೂ ಹೋದಳು.

ಕೋಕ್-ಬುಲಾಕಿನಲ್ಲಿ ಯಾರೂ ಇರಲಿಲ್ಲ. ಬುಗ್ಗೆ ಹರಿಯುತ್ತಿತ್ತು. ಹೋದ ವರ್ಷದ ಗುಡಾರ ಇದ್ದ ಜಾಗದಲ್ಲಿ ಹುಲ್ಲು ದುಂಡಗೆ ಬಣ್ಣ ಬದಲಿಸಿತ್ತು. ಒಬ್ಬಳೇ ಗುಡಾರ ನಿಲ್ಲಿಸುವುದು ಆಗದ ಮಾತು. ಛಾವಣಿಯ ಕೋಲುಗಳನ್ನು ತುದಿಯಲ್ಲಿ ಸೇರಿಸಿ ಕಟ್ಟಿ, ಮೇಲೆ ಕಂಬಳಿ ಹೊದಿಸಿ, ಕುರಿ ಕಾಯುವವರು ಮಾಡಿಕೊಳ್ಳುವಂಥ ಒಂದು ಗೂಡು ಮಾಡಿದಳು. ಒಲೆ ಇಳಿಸಿ, ಕೊಳವೆ ಜೋಡಿಸಿ, ಉರಿ ಹಚ್ಚಿದಳು. ಹೊಗೆ ಎದ್ದಿತು. ಅಷ್ಟರಲ್ಲಿ ಆಲಿಕಲ್ಲು ಶುರುವಾಯಿತು. ದಪ್ಪ ದಪ್ಪ ಕಲ್ಲು, ಅದರ ಹಿಂದೆ ಮಳೆ. ದಾರಿಯೆಲ್ಲ ಹೊಳೆಯಾಗಿ ಹರಿಯಿತು. ಕುರುತ್ ಎತ್ತಿಕೊಂಡು ಬರುವ ಮಾತೇ ಇರಲಿಲ್ಲ. ಹಿಟ್ಟು ಕಲಸೋಣವೆಂದು ಹುಡುಕಿದಾಗ ನೀಲಿ ಬೇಸಿನ್ ಇಲ್ಲದ್ದು ತಿಳಿಯಿತು. ಉರುಳಿ ಹೋದದ್ದು ಅದೇ.

ಮಾರನೆಯ ದಿನ ಬೆಳಿಗ್ಗೆ ಬಾಣಲೆಯಲ್ಲೇ ಹಿಟ್ಟು ಕಲಸಿ, ಬೋರ್ಸೋಕ್ ಕರಿದಳು. ಬಿಸಿ ಎಣ್ಣೆಯಲ್ಲಿ ಉಬ್ಬಿ ಬರುವ ಆ ಸಣ್ಣ ಸಣ್ಣ ತುಂಡುಗಳನ್ನು ಬಟ್ಟೆಯ ಮೇಲೆ ರಾಶಿ ಹಾಕಿದಳು. ಚಳಿಗಾಲದಲ್ಲಿ ಒಣಗಿಸಿದ್ದ ಕುದುರೆ ಮಾಂಸ ಬೇಯಲಿಟ್ಟಳು. ಹಿಂದೆ ಬಂದವರಿಗೆ ಮೊದಲು ಬಂದ ಮನೆಯ ಊಟ. ಬಿಸಿಲು ನೆತ್ತಿಗೆ ಬಂತು. ಯಾರೂ ಬರಲಿಲ್ಲ. ಬೋರ್ಸೋಕ್ ತಣ್ಣಗಾಯಿತು. ಒಲೆಗೆ ಹಸಿ ಜುನಿಪರ್ ತುರುಕಿ ಹೊಗೆ ದಪ್ಪ ಮಾಡಿದಳು. ಆ ಹೊಗೆಯನ್ನು ನೋಡಲಿಕ್ಕೆ ಮೇಲೆ ಸುತ್ತುವ ಒಂದು ಹದ್ದು ಬಿಟ್ಟರೆ ಯಾರೂ ಇರಲಿಲ್ಲ. ಇದಕ್ಕಾಗಿ ಅಷ್ಟು ಪಾಡು ಪಟ್ಟೆನೇ ಅನ್ನಿಸಿತು. ತನ್ನದೇ ಹೊಗೆ, ತನ್ನದೇ ಊಟ, ತಿನ್ನಲಿಕ್ಕೆ ತಾನೊಬ್ಬಳೇ. ಚಿಕ್ಕೋನು ಸಿಟ್ಟಿನಿಂದ ಕೆಳಗೇ ಎಲ್ಲೋ ಬೀಡು ಬಿಟ್ಟನೋ? ಇಲ್ಲ, ಅವನ ಜೀಪು ತಿರುವಿನಲ್ಲಿ...

ಮಾಂಸದ ಪಾತ್ರೆಯನ್ನು ಒಲೆಯಿಂದ ಇಳಿಸಿ, ಮುಚ್ಚಳದ ಮೇಲೆ ಕಲ್ಲಿಟ್ಟು, ನಡೆದು ಇಳಿಯತೊಡಗಿದಳು.

ಒಂಟೆಕತ್ತಿನ ಮೇಲಿನ ಬಂಡೆಯ ಹತ್ತಿರ ಬರುವಾಗ ಅಳುವಿನ ಸದ್ದು ಕೇಳಿಸಿತು. ಸುಮ್ಮನೆ ಅಳುವುದಲ್ಲ. ಸಾವಿನ ಮನೆಗೆ ಕುದುರೆ ಏರಿ ಬರುವ ಗಂಡಸರು ದೂರದಿಂದಲೇ ಎತ್ತುವ ದೊಡ್ಡ ಅಳು. ಯಾರು ಹೋದರು? ಬಂಡೆ ಹಿಡಿದುಕೊಂಡು ಬಗ್ಗಿ ನೋಡಿದಳು. ಕೆಳಗಿನ ದಾರಿಯಲ್ಲಿ ಕುರಿಗಳು ಚೆದುರಿ ನಿಂತಿದ್ದವು. ಜೀಪು ನೆಟ್ಟಗೆ ನಿಂತಿತ್ತು. ಸೊನುನ್ ಅಂಚಿನಲ್ಲಿ ಕುಸಿದು ಕೂತು, ಎದೆ ಬಡಿದುಕೊಂಡು ರಾಗವಾಗಿ ಅಳುತ್ತಿದ್ದಳು. ಕಂದರದ ಇಳಿಜಾರಿನಲ್ಲಿ, ತುಂಬಿ ಹರಿಯುವ ಹೊಳೆಯ ಹತ್ತಿರ, ತೊಲೊಮುಶ್. ಅವನ ಕೈಯಲ್ಲಿ ನೀಲಿ ಬೇಸಿನ್.

"ಅಯ್ಯೋ ನನ್ನತ್ತಿಗೇ! ತಾಯಿ ಹೋದ ಮೇಲೆ ನನ್ನ ತಲೆ ತೊಳೆದೋಳೇ! ಕೆನೆ ಎತ್ತಿಟ್ಟು ನನಗೆ ತಿನ್ನಿಸಿದೋಳೇ! ಆರಿಹೋಯ್ತಲ್ಲಪ್ಪೋ, ನಮ್ಮಣ್ಣನ ಹೊಗೆ ಆರಿಹೋಯ್ತಲ್ಲೋ! ಒಬ್ಬಳೇ ಕಾಯ್ಕೊಂಡಿದ್ದಳಲ್ಲೋ, ನಾನೇ ಆರಿಸಿಬಿಟ್ಟೆನಲ್ಲೋ!"

ಅವಳಿಗೆ ಆಗ ಎಲ್ಲ ತಿಳಿಯಿತು. ಅಂಚಿನುದ್ದಕ್ಕೂ ಚೆಲ್ಲಿದ ಕುರುತ್, ತಿರುವಿನಲ್ಲಿ ಹೊಸದಾಗಿ ಕುಸಿದ ಮಣ್ಣು, ಅಲ್ಲಿಂದ ಮುಂದೆ ಏನೂ ಇಲ್ಲ. ಚಕ್ರದ ಗುರುತನ್ನು ಮಳೆ ತೊಳೆದಿದೆ. ನೋಡಿದವರು ಇನ್ನೇನು ತಿಳಿಯಬೇಕು? ತಿನ್ನುವ ಕುರುತನ್ನು ಬೇಕೆಂದೇ ಯಾರಾದರೂ ನೆಲಕ್ಕೆ ಇಡುತ್ತಾರೆಂದು ಅವರ ಕನಸಿಗೂ ಬಂದಿರಲಿಕ್ಕಿಲ್ಲ. ಚೀಲ ಒಡೆದು, ಲಾರಿ ಉರುಳಿ, ಹೊಳೆ ನುಂಗಿತು ಎಂದೇ.

ಕೂಗಿ ಹೇಳಬೇಕಿತ್ತು. ಬಾಯಿ ತೆರೆದಳು ಕೂಡ.

"ಒಂದು ದಿನ ಸಿಟ್ಟು ಮಾಡಿದೋಳಲ್ಲ ನನ್ನಕ್ಕ!" ಎಂದು ಸೊನುನ್ ರಾಗ ಎಳೆದಳು.

ಅದು ಶುದ್ಧ ಸುಳ್ಳು. ಉಲ್ಕಾನ್ ತೆರೆದ ಬಾಯಿ ಮುಚ್ಚಿ ಬಂಡೆಯ ಹಿಂದೆ ಕೂತಳು. ತಪ್ಪೆಂದು ಗೊತ್ತಿತ್ತು. ಆದರೆ ಚಳಿಗಾಲದಿಂದ ಈಚೆಗೆ ಜನ ಅವಳೆದುರು ಆಡಿದ್ದೆಲ್ಲ ಸತ್ತವನ ಮಾತು, ಇಲ್ಲವೇ ಅವಳನ್ನು ಎಲ್ಲಿ ಇಡುವುದೆಂಬ ಮಾತು. ಅವಳು ಯಾರ ತಲೆ ತೊಳೆದಳು, ಯಾರಿಗೆ ಕೆನೆ ಎತ್ತಿಟ್ಟಳು ಎಂಬುದು ಯಾರಿಗಾದರೂ ನೆನಪಿದೆಯೆಂದು ಅವಳಿಗೇ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ಕೂತು ಕೇಳಿದಳು. ಚೌಕದ ತುದಿಯಿಂದ ಕಣ್ಣು ಒರೆಸಿಕೊಂಡಳು. ಸತ್ತ ಆ ಹೆಂಗಸಿನ ಮೇಲೆ ಅವಳಿಗೂ ಮರುಕ ಬಂದಿತ್ತು.

ಆಮೇಲೆ ಎದ್ದು ನಿಂತು ಕೂಗಿದಳು. "ಚಿಕ್ಕೋನೇ!"

ಅಳು ಕತ್ತರಿಸಿದ ಹಾಗೆ ನಿಂತಿತು. ಸೊನುನ್ ಮೇಲೆ ನೋಡಿ ಕಿಟಾರನೆ ಕಿರುಚಿದಳು. ಓಸ್ಕೊನ್ ಕುದುರೆಯ ಮೇಲಿಂದಲೇ ಕಣ್ಣಿಗೆ ಕೈ ಅಡ್ಡ ಹಿಡಿದು, "ಸೊಸೇ, ಬದುಕಿದ್ದೀಯೋ ಇಲ್ವೋ, ಮೊದಲು ಅದನ್ನ ಹೇಳು!" ಎಂದು ಕೂಗಿದ.

"ಬದುಕಿದ್ದೀನಿ ಮಾವ."

"ಹಂಗಾದ್ರೆ ಆ ಬೇಸಿನ್ ಯಾರದು?"

"ನಂದೇ. ಹಿಟ್ಟು ಕಲಸೋಕೆ ಅದಿಲ್ದೆ ಒದ್ದಾಡಿಬಿಟ್ಟೆ. ತನ್ನಿ ಮೇಲಕ್ಕೆ."

ಉಲ್ಕಾನ್ ದಾರಿಗೆ ಇಳಿಯುವಷ್ಟರಲ್ಲಿ ತೊಲೊಮುಶ್ ಕೈಕಾಲು ಊರಿಕೊಂಡು ಇಳಿಜಾರು ಹತ್ತಿ ಬಂದ. ಮುಖವೆಲ್ಲ ಕೆಸರು, ಕಣ್ಣೀರು. ಅತ್ತಿಗೆ ಜೀವಂತ ನಿಂತದ್ದನ್ನು ಹತ್ತಿರದಿಂದ ಕಂಡದ್ದೇ ಸಿಟ್ಟು ಹತ್ತಿತು.

"ತಿನ್ನೋ ಕುರುತ್‌ನ ನೆಲಕ್ಕೆ ಇಡೋದಾ? ಬುದ್ಧಿ ಎಲ್ಲಿ ಮಾರ್ಕೊಂಡ್ರಿ? ಬೆಳಿಗ್ಗೆಯಿಂದ ಹೊಳೇಲಿ ಹುಡುಕ್ತಾ ಇದೀನಿ ನಿಮ್ಮನ್ನ! ಶೂ ಒಂದು ನೀರಿಗೆ ಹೋಯ್ತು, ನೋಡಿ!"

"ಅಂಚು ಕಾಣ್ಲಿಲ್ಲ ಕಣೋ. ಬೆಳ್ಳಗಿನದು ಬೇರೇನೂ ಇರ್ಲಿಲ್ಲ."

ಅವನು ಅಂಚಿನ ಕುರುತ್ ಸಾಲು ನೋಡಿದ. ಕುಸಿದ ಮಣ್ಣು ನೋಡಿದ. ಸಿಟ್ಟು ಇಳಿಯಿತು.

"ಇದೇ ಕೊನೆ ಅತ್ತಿಗೆ" ಎಂದ. "ಪಣಾನೂ ಬೇಡ ಏನೂ ಬೇಡ. ನೀವು ನಮ್ಮ ಜೊತೇನೇ ಇರೋದು."

"ತಲೆ ಎತ್ತಿ ನೋಡು."

ಬೆಟ್ಟದ ಭುಜದಾಚೆ, ಕೋಕ್-ಬುಲಾಕಿನ ಮೇಲೆ, ಹಸಿ ಜುನಿಪರಿನ ಬಿಳಿ ಹೊಗೆ ಸೀದಾ ಏರುತ್ತಿತ್ತು.

"ಅದು ಹೊಗೆ ಅಲ್ಲ ಅತ್ತಿಗೆ. ನಾನು ನಿನ್ನೇನೇ ಹೇಳಿದ್ನಲ್ಲ, ಗಂಡಸಿಲ್ಲದ..."

"ಈಗಷ್ಟೇ ಏನೋ ಆರಿಹೋಯ್ತು ಅಂತ ಅಳ್ತಿದ್ದೆಯಲ್ಲ. ಏನದು?"

ತೊಲೊಮುಶ್ ಬೇಸಿನ್ನನ್ನು ಕೈಯಿಂದ ಕೈಗೆ ಬದಲಿಸಿದ. ಓಸ್ಕೊನನ ಹೊಟ್ಟೆ ನಗುವಿಗೆ ಕುಲುಕಿತು, ಅವನ ಕೆಳಗೆ ಕುದುರೆಯೂ ಅಲುಗಾಡಿತು.

"ಸಾವಿಗೆ ಅತ್ತು ಆಡಿದ ಮಾತನ್ನ ವಾಪಸ್ ತಗೊಳೋ ಹಂಗಿಲ್ಲ ಕಣೋ. ನಾನು ಕೇಳಿದೀನಿ, ನಿನ್ನ ಹೆಂಡ್ತಿ ಕೇಳಿದಾಳೆ, ಇಷ್ಟು ಕುರಿ ಕೇಳಿವೆ. ಇಲ್ದೇ ಇರೋದು ಹೆಂಗೋ ಆರುತ್ತೆ? ಮೂರು ಹೊಗೆ. ಮುಗೀತು. ನನಗೆ ಹಸಿವು. ಸೊಸೆ, ಊಟ ಏನು?"

"ಬೋರ್ಸೋಕ್ ತಣ್ಣಗಾಗಿದೆ. ಮಾಂಸ ಬಿಸಿ ಮಾಡ್ತೀನಿ."

ಜೀಪಿನ ಹಿಂದೆ ಸಾಮಾನು ತುಂಬಿದ ಟ್ರೇಲರ್ ಕಟ್ಟಿತ್ತು. ಕುಸಿದ ಅಂಚಿನಲ್ಲಿ ಅದನ್ನು ತಿರುಗಿಸಬೇಕು. ತೊಲೊಮುಶ್ ಹತ್ತಿ ಕೂತು, ಕುರಿಗಳತ್ತ ತಿರುಗಿ ನೋಡಿದ, ಹೆಂಡತಿಯತ್ತ ನೋಡಿದ. ಅವಳು ಆಗಲೇ ಗುಡ್ಡಕ್ಕೆ ಬೆನ್ನು ಒತ್ತಿಕೊಂಡು ನಡೆಯುತ್ತಿದ್ದಳು. ಉಲ್ಕಾನ್ ಏನೂ ಹೇಳದೆ ಬಲಗಡೆ ಹತ್ತಿ ಕೂತಳು, ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

"ಎಷ್ಟು, ಅತ್ತಿಗೆ?"

ಆ ಪ್ರಶ್ನೆ ಮತ್ತೆ ಎಡಗಡೆಯಿಂದ ಬಂದಿತ್ತು. ಅಂಚಿನ ಬಿಳಿ ಉಂಡೆಗಳು ಕಣ್ಣಿಗೆ ಮಂಜಾದವು.

"ಅತ್ತಿಗೆ, ಎಷ್ಟು ಅಂದೆ!"

"ಮೊಳ ಇದೆ" ಎಂದಳು. "ಬಾ. ಇನ್ನೂ ಬಾ. ಗೇಣು. ನಿಧಾನ. ನಾಲ್ಕು ಬೆರಳು. ಸಾಕು, ಸಾಕು."

ದಾಟಿ ತುಸು ದೂರ ಹೋದ ಮೇಲೆ ಅವನು ಕೇಳಿದ. "ಚಳಿಗೆ ಇಳಿಯೋವಾಗ ಮೇಲಿನ ದಾರಿಯೆಲ್ಲ ಕಂದರ ಬಲಕ್ಕೆ ಬರುತ್ತಲ್ಲ. ಆಗೇನ್ ಮಾಡ್ತೀರಿ?"

"ಆಗ ನೋಡಿದ್ರಾಯ್ತು. ಈ ಬೇಸಿಗೇಲೂ ಕುರುತ್ ಮಾಡ್ತೀನಲ್ಲ."

ಅವಳ ಊಟ ಉಂಡು, ಕೈಗಳನ್ನು ಮುಖದ ಮೇಲೆ ಸವರಿ ಹರಸಿ, ಎಲ್ಲರೂ ಸೇರಿ ಅವಳ ಗುಡಾರ ನಿಲ್ಲಿಸಿದರು. ಜಾಲರಿ ಗೋಡೆ ದುಂಡಗೆ ನಿಂತಿತು. ನೆತ್ತಿಯ ಬಳೆ ಎತ್ತುವ ಕವೆಗೋಲನ್ನು ತೊಲೊಮುಶ್ ಅಭ್ಯಾಸದಿಂದ ಕೈಗೆ ತೆಗೆದುಕೊಂಡ. ಒಂದು ಗಳಿಗೆ ಹಾಗೇ ಹಿಡಿದಿದ್ದು, ಅವಳ ಕಡೆ ಚಾಚಿದ. ಅವಳು ಕುಳ್ಳಿ. ಪೆಟ್ಟಿಗೆಯ ಮೇಲೆ ಹತ್ತಿ ನಿಂತು ಎತ್ತಬೇಕಾಯಿತು. ಸುತ್ತಲೂ ಒಂದೊಂದೇ ಕೋಲು ಸಿಕ್ಕಿಸುವವರೆಗೆ ತೋಳು ನಡುಗುತ್ತ ಹಿಡಿದಿದ್ದಳು. ಬಳೆಯೊಳಗೆ ದುಂಡನೆಯ ಆಕಾಶ ಕಾಣುತ್ತಿತ್ತು. ಯಾರೂ ನಗಲಿಲ್ಲ. ಓಸ್ಕೊನ್ ಮಾತ್ರ, "ವಾಲ್ತಾ ಇದೆ ಸೊಸೆ, ಎಡಕ್ಕೆ, ಎಡಕ್ಕೆ" ಎಂದು ಗೊಣಗುತ್ತಲೇ ಇದ್ದ.

ಸಂಜೆಗೆ ಅವರವರ ಗುಡಾರಗಳಿಗೆ ಅವರವರು ಹೋದರು. ಸೊನುನ್ ದಾರಿಯಲ್ಲಿ ಆಯ್ದು ತಂದ ಕುರುತನ್ನು ನೀಲಿ ಬೇಸಿನ್ನಿನಲ್ಲಿ ಇಟ್ಟು ಹೋಗಿದ್ದಳು. ಉಲ್ಕಾನ್ ಅದನ್ನು ಬುಗ್ಗೆಯ ನೀರಿನಲ್ಲಿ ತೊಳೆದು, ಹಣೆಗೆ ಮುಟ್ಟಿಸಿಕೊಂಡು, ಒಂದನ್ನು ಬಾಯಿಗೆ ಹಾಕಿಕೊಂಡಳು. ಎಷ್ಟು ತೊಳೆದರೂ ಮರಳು ಹಲ್ಲಿಗೆ ಸಿಕ್ಕಿತು. ಬಾಗಿಲಲ್ಲಿ ನಿಂತು ನೋಡಿದಳು. ಮೂರು ಹೊಗೆ, ಮೂರನ್ನೂ ಗಾಳಿ ಒಂದೇ ಕಡೆಗೆ ಬಾಗಿಸುತ್ತಿತ್ತು.

ಒಳಗೆ ಬಂದಳು. ಗುಡಾರದಲ್ಲಿಯೂ ಹೆಂಗಸಿನ ಕಡೆ ಬಲಕ್ಕೇ. ಪಾತ್ರೆ, ಹಿಟ್ಟು, ಜರಡಿ, ಹಾಸಿಗೆ, ಎಲ್ಲವನ್ನೂ ಅಲ್ಲಿ ಜೋಡಿಸಿದಳು. ಎಡಗಡೆ ಜೀನು, ಚಾವಟಿ, ಟೋಪಿ ಇರುತ್ತಿದ್ದ ಜಾಗ ಬರಿದಾಗಿತ್ತು. ಮರದ ಗೂಟವೊಂದು ಇತ್ತು. ಲಂಗದ ಜೇಬಿನಿಂದ ಲಾರಿಯ ಕೀಲಿ ತೆಗೆದು ಆ ಗೂಟಕ್ಕೆ ನೇತು ಹಾಕಿದಳು. ಕೀಲಿ ಕೊಂಚ ಹೊತ್ತು ತೂಗಿತು. ಅದು ನಿಲ್ಲುವವರೆಗೂ ಅಲ್ಲೇ ನಿಂತಿದ್ದು, ಆಮೇಲೆ ತನ್ನ ಕಡೆಗೆ ಹೋಗಿ ಒಲೆಗೆ ಕಟ್ಟಿಗೆ ಹಾಕಿದಳು.